ಐವತ್ತರಲ್ಲಿ ಟೈಗರ್ಸ್ ಅಂಗಿ: ಬೇಸ್‌ಬಾಲ್ ಫ್ಯಾಂಟಸಿ ಕ್ಯಾಂಪ್‌ಗೆ ಹೋಗಿಬಂದ ಅನುಭವ

ಫ್ಲಾರಿಡಾದಿಂದ ವಾಪಸ್ ಬಂದು ಹೆಚ್ಚು ದಿನ ಆಗಿಲ್ಲ. ಬಲಗೈ ಎತ್ತಿ ತಲೆ ಬಾಚಿಕೊಳ್ಳುವುದು ಈಗಲೂ ಕಷ್ಟ. ಎಲ್ಲ ಚೆನ್ನಾಗಿ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಹೊರಡುವ ಮೊದಲು ನಾನು ತುಂಬಾ ಹುಡುಕಿದೆ. ಕ್ರಿಕೆಟ್ ಆಡಿ ಬೆಳೆದವರು, ಸಸ್ಯಾಹಾರಿಗಳು, ಬಿಪಿ-ಸಕ್ಕರೆ ಇರುವ ಮನೆತನದವರು ಈ ಕ್ಯಾಂಪಿಗೆ ಹೋದರೆ ಏನೇನು ಎದುರಾಗುತ್ತದೆ ಅಂತ ಯಾರಾದರೂ ಬರೆದದ್ದು ನನಗೆ ಸಿಗಲಿಲ್ಲ. ನನ್ನ ಹಾಗೆ ಹುಡುಕುತ್ತಿರುವವರು ಇನ್ನೂ ಇದ್ದಾರು. ಇದು ಅವರಿಗಾಗಿ.

ಫ್ಯಾಂಟಸಿ ಕ್ಯಾಂಪ್ ಅಂದರೆ ಫೋನಿನಲ್ಲಿ ತಂಡ ಕಟ್ಟಿ ಆಡುವ ಫ್ಯಾಂಟಸಿ ಲೀಗ್ ಅಲ್ಲ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಹಲವು ತಂಡಗಳು ಚಳಿಗಾಲದಲ್ಲಿ ಸಾಮಾನ್ಯ ಅಭಿಮಾನಿಗಳಿಗಾಗಿ ಸುಮಾರು ಒಂದು ವಾರದ ಶಿಬಿರ ನಡೆಸುತ್ತವೆ. ತಂಡದವರು ವಸಂತಕಾಲದ ಅಭ್ಯಾಸಕ್ಕೆ ಬಳಸುವ ಮೈದಾನದಲ್ಲೇ ನಮ್ಮನ್ನೂ ಆಡಿಸುತ್ತಾರೆ. ತಂಡದ ಸಮವಸ್ತ್ರ ಕೊಡುತ್ತಾರೆ. ನಿವೃತ್ತ ಆಟಗಾರರೇ ಕೋಚ್‌ಗಳು. ದಿನವೂ ಪಂದ್ಯ ಇರುತ್ತದೆ. ಚಿಕಾಗೊ ಕಬ್ಸ್ ತಂಡದ ಹಳೆಯ ಕ್ಯಾಚರ್ ರ‍್ಯಾಂಡಿ ಹಂಡ್ಲಿ 1983ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಇಂಥದ್ದನ್ನು ಶುರುಮಾಡಿದರು. ಉಳಿದ ತಂಡಗಳು ಆಮೇಲೆ ಕಲಿತವು. ನಾನು ಹೋದದ್ದು ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಟೈಗರ್ಸ್ ತಂಡದ ಶಿಬಿರಕ್ಕೆ, ಫ್ಲಾರಿಡಾದ ಲೇಕ್‌ಲ್ಯಾಂಡ್ ಊರಿನಲ್ಲಿ.

ಮೈಸೂರಿನವನಿಗೆ ಟೈಗರ್ಸ್ ಹುಚ್ಚು ಎಲ್ಲಿಂದ ಬಂತು ಅಂತ ಇಲ್ಲಿ ಮಿಶಿಗನ್‌ನ ನಮ್ಮ ಪಂಪ ಕನ್ನಡ ಕೂಟದ ಗೆಳೆಯರೇ ಕೇಳುತ್ತಾರೆ. ಅಪ್ಪ ಸಂಶೋಧನೆಗೆ ಅಂತ ಮಿಶಿಗನ್‌ಗೆ ಬಂದಾಗ ನಾನು ಪ್ರೈಮರಿ ಶಾಲೆಯ ಹುಡುಗ. ನಾವು ಬಂದ ಮೊದಲ ಬೇಸಿಗೆ 1984ರದ್ದು. ಆ ವರ್ಷ ಟೈಗರ್ಸ್ ಮೊದಲ 40 ಪಂದ್ಯಗಳಲ್ಲಿ 35 ಗೆದ್ದಿತ್ತು. ಏಪ್ರಿಲ್ ಮೊದಲ ವಾರದಲ್ಲೇ ತಂಡದ ಪಿಚ್ಚರ್ (ಚೆಂಡು ಎಸೆಯುವವರು) ಜ್ಯಾಕ್ ಮೋರಿಸ್ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ್ದರು. ಶಾಲೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಕ್ಟೋಬರ್ 14ರ ರಾತ್ರಿ ಕರ್ಕ್ ಗಿಬ್ಸನ್ ಹೊಡೆದ ಹೋಮ್‌ರನ್ ಬಲಗಡೆಯ ಮೇಲಿನ ಅಂತಸ್ತಿಗೆ ಹೋಗಿ ಬಿತ್ತು. ಆ ವರ್ಷದ ಫೈನಲ್ ಸರಣಿ, ಅಂದರೆ ವರ್ಲ್ಡ್ ಸೀರೀಸ್, ನಮ್ಮದಾಯಿತು. ಆ ರಾತ್ರಿ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಗುರುತಿಲ್ಲದವರೆಲ್ಲ ನಮ್ಮನ್ನು ಅಪ್ಪಿಕೊಂಡರು.

ನನಗಿಂತ ಹೆಚ್ಚಾಗಿ ಬೇಸ್‌ಬಾಲ್ ಹಿಡಿಸಿದ್ದು ಅಮ್ಮನಿಗೆ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಅಡಿಗೆ ಮಾಡುತ್ತಾ ರೇಡಿಯೊದಲ್ಲಿ ಎರ್ನಿ ಹಾರ್ವೆಲ್ ಅವರ ಕಾಮೆಂಟರಿ ಕೇಳುತ್ತಿದ್ದಳು. ಚೆಂಡು ಪ್ರೇಕ್ಷಕರ ಮಧ್ಯೆ ಹೋಗಿ ಬಿದ್ದರೆ, ಅದನ್ನು ಹಿಡಿದವರು ಇಂಥ ಊರಿನವರು ಅಂತ ಮಿಶಿಗನ್‌ನ ಯಾವುದಾದರೂ ಊರಿನ ಹೆಸರು ಸೇರಿಸಿ ಹೇಳುವುದು ಅವರ ಅಭ್ಯಾಸ. ಸ್ಯಾಗಿನಾ, ಇಪ್ಸಿಲ್ಯಾಂಟಿ ಅಂತ ಆ ರಾಜ್ಯದ ಊರುಗಳನ್ನೆಲ್ಲ ಅಮ್ಮ ಪರಿಚಯ ಮಾಡಿಕೊಂಡದ್ದು ಹೀಗೆ.

ನನ್ನ ಆಸೆ ಒಂದೇ. ಎದೆಯ ಮೇಲೆ ಹಳೇ ಶೈಲಿಯ ಡಿ ಅಕ್ಷರ ಇರುವ ಆ ಬಿಳಿ ಅಂಗಿ ಹಾಕಿಕೊಂಡು ಗೆರೆ ಎಳೆದ ಮೈದಾನದಲ್ಲಿ ಆಡಬೇಕು. ಮುಂದಿನ ವಸಂತಕ್ಕೆ ಮಕ್ಕಳ ಬೇಸ್‌ಬಾಲ್ ಆದ ಲಿಟಲ್ ಲೀಗ್‌ಗೆ ಸೇರಿಸುತ್ತೇನೆ ಅಂತ ಅಪ್ಪ ಮಾತು ಕೊಟ್ಟಿದ್ದರು. ಆ ವಸಂತ ಬರುವ ಮೊದಲೇ ಅವರ ಕೆಲಸ ಮುಗಿಯಿತು, ನಾವು ಮೈಸೂರಿಗೆ ಹೊರಟೆವು. ಆಮೇಲೆ ನನ್ನದು ಮ್ಯಾಟಿಂಗ್ ವಿಕೆಟ್ ಮೇಲಿನ ಕ್ರಿಕೆಟ್. ಕಾಲೇಜು ಮುಗಿಯುವವರೆಗೂ ಆಡಿದೆ, ಇಷ್ಟಪಟ್ಟೇ ಆಡಿದೆ. ಕೆಲಸ ಸಿಕ್ಕಿ ಮಿಶಿಗನ್‌ಗೆ ಮತ್ತೆ ಬರುವಷ್ಟರಲ್ಲಿ ಹಳೆಯ ಟೈಗರ್ ಸ್ಟೇಡಿಯಂನಲ್ಲಿ ಆಟ ನಿಂತುಹೋಗಿತ್ತು. ಅಲ್ಲಿನ ಕೊನೆಯ ಪಂದ್ಯ 1999ರಲ್ಲಿ. ಹತ್ತು ವರ್ಷ ಆದ ಮೇಲೆ ಪೂರ್ತಿ ಕೆಡವಿದರು.

ಐವತ್ತು ತುಂಬಿದಾಗ ಏನು ಬೇಕು ಅಂತ ಹೆಂಡತಿ ಕೇಳಿದಳು. ಬಾಯಿಗೆ ಇದೇ ಬಂತು. ಅವಳು ಒಂದು ಕ್ಷಣವೂ ಯೋಚಿಸದೆ, "ಹಾಗಾದ್ರೆ ಹೋಗಿ. ಇನ್ನೆಷ್ಟು ದಿನ ಟೀವಿ ಮುಂದೆ ಕೂತು ಆಡ್ತೀರಾ?" ಅಂದಳು. ಮೈಸೂರಿಗೆ ಫೋನ್ ಮಾಡಿದರೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಆ ಆಸೆ ಇಟ್ಕೊಂಡಿದ್ಯೇನೋ?" ಅಂತ ಕೇಳಿದರು.

ಈಗ ದುಡ್ಡಿನ ವಿಷಯ. ಇಂಥ ಕ್ಯಾಂಪ್‌ಗಳ ಶುಲ್ಕ ತಂಡದಿಂದ ತಂಡಕ್ಕೆ ಬೇರೆ. ಸಾಮಾನ್ಯವಾಗಿ 4,000ದಿಂದ 6,000 ಡಾಲರ್ ಅಂತ ಲೆಕ್ಕ ಹಾಕಿಕೊಳ್ಳಿ. ಹೋಟೆಲು, ಸಮವಸ್ತ್ರ, ಮಧ್ಯಾಹ್ನದ ಊಟ ಇದರಲ್ಲಿ ಸೇರಿದೆಯೋ ಇಲ್ಲವೋ ಅಂತ ಮೊದಲೇ ಕೇಳಿ. ವಿಮಾನದ ಟಿಕೆಟ್ ಸಾಧಾರಣವಾಗಿ ನಿಮ್ಮದೇ. ಹೆಸರು ಕೊಡುವಾಗ ಒಂದು ಭಾಗ ಮುಂಗಡ ಕಟ್ಟಬೇಕು, ಬಾಕಿ ಆಮೇಲೆ. ಇಲ್ಲಿ ಗಮನವಿಟ್ಟು ಓದಬೇಕಾದದ್ದು ರದ್ದು ಮಾಡುವ ನಿಯಮ. ಯಾವ ದಿನದವರೆಗೆ ದುಡ್ಡು ವಾಪಸ್ ಬರುತ್ತದೆ, ಯಾವ ದಿನ ಕಳೆದರೆ ಇಲ್ಲ ಅನ್ನುವುದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮುಂಗಡ ಕಟ್ಟಿದ ಮೇಲೆ ಅರ್ಜಿಗಳು ಬಂದವು. ಅಂಗಿ, ಪ್ಯಾಂಟ್, ಟೋಪಿಯ ಅಳತೆ. ಬೆನ್ನ ಮೇಲೆ ಯಾವ ಹೆಸರು, ಯಾವ ಸಂಖ್ಯೆ. ಯಾವ ಜಾಗದಲ್ಲಿ ಆಡಲು ಇಷ್ಟ. ಹಿಂದೆ ಎಷ್ಟು ಆಡಿದ್ದೀರಿ. ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು. ಪೆಟ್ಟಾದರೆ ಹೊಣೆ ನನ್ನದೇ ಅಂತ ಸಹಿ ಹಾಕುವ ಉದ್ದನೆಯ ಒಪ್ಪಿಗೆ ಪತ್ರ. ಹೆಸರಿನ ಬಗ್ಗೆ ಒಂದು ಸಲಹೆ. ನಮ್ಮ ಕಡೆಯ ಉದ್ದ ಹೆಸರು ಪೂರ್ತಿ ಬೇಕಿದ್ದರೆ ಮೊದಲೇ ಇಮೇಲ್ ಮಾಡಿ ಕೇಳಿ. ನಾನು ಕೇಳಿದೆ. ಹನ್ನೆರಡು ಅಕ್ಷರದ ಹೆಸರು ಪೂರ್ತಿ ಬಂತು, ಒಂದು ಭುಜದಿಂದ ಇನ್ನೊಂದು ಭುಜದವರೆಗೆ.

ಕೊನೆಯ ಕಾಗದ ವೈದ್ಯರ ಪತ್ರ. ಈ ವ್ಯಕ್ತಿ ಜೋರಾಗಿ ಓಡಿ ಆಡಲು ಯೋಗ್ಯ ಅಂತ ನಮ್ಮ ವೈದ್ಯರು ಸಹಿ ಹಾಕಬೇಕು. ಇಡೀ ಪ್ರಯಾಣದಲ್ಲಿ ಹೆಚ್ಚು ದಿನ ತಿಂದದ್ದು, ಹೆಚ್ಚು ನಿದ್ದೆ ಕೆಡಿಸಿದ್ದು ಇದೇ.

ಕ್ಲಿನಿಕ್‌ನಲ್ಲಿ ತಪಾಸಣೆಗೆ ದಿನ ಸಿಗುವುದಕ್ಕೇ ವಾರಗಟ್ಟಲೆ ಕಾಯಬೇಕಾಯಿತು. ಹೋದರೆ ಬಿಪಿ ಸ್ವಲ್ಪ ಜಾಸ್ತಿ. ಇಸಿಜಿಯಲ್ಲಿ ಏನೋ ಒಂದು ಸಣ್ಣ ಏರುಪೇರು. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯಾ ಅಂದರು. ಅಪ್ಪನಿಗೆ ಬೈಪಾಸ್ ಆಗಿದೆ, ಚಿಕ್ಕಪ್ಪ ಐವತ್ತೆರಡಕ್ಕೇ ಹೋದರು ಅಂದೆ. ವೈದ್ಯೆ ಪೆನ್ನು ಕೆಳಗಿಟ್ಟರು. ಟ್ರೆಡ್‌ಮಿಲ್ ಟೆಸ್ಟ್ ಆಗದೆ ಸಹಿ ಹಾಕುವುದಿಲ್ಲ ಅಂತ ಖಚಿತವಾಗಿ ಹೇಳಿದರು. ದಕ್ಷಿಣ ಏಷ್ಯಾದವರಲ್ಲಿ ಹೃದಯದ ಕಾಯಿಲೆ ಬೇರೆಯವರಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ, ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ ಸಾಲದು ಅಂತ ಕೂರಿಸಿ ವಿವರಿಸಿದರು.

ಆಮೇಲೆ ವಿಮೆಯವರ ಸರದಿ. ಟೆಸ್ಟ್‌ಗೆ ಮೊದಲೇ ಒಪ್ಪಿಗೆ ಬೇಕು, ಕಾರಣ ಬರೆಯಿರಿ ಅಂದರು. ಆಟಕ್ಕೆ ಅಂತ ಬರೆದ ಅರ್ಜಿ ವಾಪಸ್ ಬಂತು. ಮನೆತನದ ಇತಿಹಾಸ, ಬಿಪಿ, ಇಸಿಜಿ ಎಲ್ಲ ಸೇರಿಸಿ ಕ್ಲಿನಿಕ್‌ನವರು ಮತ್ತೆ ಕಳಿಸಿದರು. ಈ ನಡುವೆ ಕ್ಯಾಂಪ್‌ನ ದುಡ್ಡು ವಾಪಸ್ ಬರುವ ಕೊನೆಯ ದಿನ ಹತ್ತಿರ ಬಂತು, ದಾಟಿಯೂ ಹೋಯಿತು. ರದ್ದು ಮಾಡಲಾ ಬೇಡವಾ ಅಂತ ನಾವಿಬ್ಬರೂ ರಾತ್ರಿ ಅಡಿಗೆಮನೆಯಲ್ಲಿ ಕೂತು ಮಾತಾಡಿದ್ದೇ ಮಾತಾಡಿದ್ದು. ದುಡ್ಡು ಹೋದರೆ ಹೋಗಲಿ, ಟೆಸ್ಟ್ ಅಂತೂ ಮಾಡಿಸಲೇಬೇಕು ಅಂತ ಅವಳೇ ತೀರ್ಮಾನ ಮಾಡಿದಳು.

ಆ ಟೆಸ್ಟ್ ಮಾಡಿಸದವರಿಗೆ ಹೇಳುತ್ತೇನೆ, ಭಯಪಡುವಂಥದ್ದಲ್ಲ. ಎದೆಗೆ ತಂತಿ ಅಂಟಿಸಿ ನಡೆಸುತ್ತಾರೆ. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಜಾಸ್ತಿ ಆಗುತ್ತವೆ. ಪಕ್ಕದಲ್ಲೇ ಒಬ್ಬರು ನಿಂತು ಬಿಪಿ ನೋಡುತ್ತಿರುತ್ತಾರೆ. ಆದರೂ ಆ ಕೋಣೆಯಲ್ಲಿ ನನಗೆ ಚಿಕ್ಕಪ್ಪನ ಮುಖವೇ ಕಣ್ಣಮುಂದೆ. ಬೇಸ್‌ಬಾಲ್ ಪೂರ್ತಿ ಮರೆತುಹೋಗಿತ್ತು. ಫಲಿತಾಂಶ ಚೆನ್ನಾಗಿ ಬಂತು. ಬಿಪಿಗೆ ಒಂದು ಸಣ್ಣ ಮಾತ್ರೆ ಶುರುವಾಯಿತು, ಪತ್ರಕ್ಕೆ ಸಹಿಯೂ ಬಿತ್ತು. ವಿಮೆ ಕಳೆದು ನನ್ನ ಕೈಯಿಂದ ಹೋದದ್ದು ಕೆಲವು ನೂರು ಡಾಲರ್. ಕ್ಯಾಂಪಿಗೆ ಹೆಸರು ಕೊಡಬೇಕು ಅಂದುಕೊಂಡ ದಿನವೇ ವೈದ್ಯರ ಹತ್ತಿರ ದಿನ ಗೊತ್ತುಮಾಡಿಕೊಳ್ಳಿ. ಭಾರತದಿಂದ ಬರುವವರಾದರೆ ನಿಮ್ಮ ಪ್ರವಾಸ ವಿಮೆಯಲ್ಲಿ ಆಟದಲ್ಲಿ ಆಗುವ ಗಾಯ ಸೇರಿದೆಯಾ ಅಂತಲೂ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಅದು ಇರುವುದಿಲ್ಲ.

ಅಭ್ಯಾಸ ಶುರುಮಾಡಿದಾಗ ಹೊರಗೆ ಹಿಮ. ಮಿಶಿಗನ್‌ನಲ್ಲಿ ಆ ಕಾಲದಲ್ಲಿ ಸುತ್ತ ಬಲೆ ಕಟ್ಟಿದ ಒಳಾಂಗಣ ಬ್ಯಾಟಿಂಗ್ ಪಂಜರಗಳೇ ಗತಿ. ಅರ್ಧ ಗಂಟೆಗೆ ಇಷ್ಟು ಅಂತ ಬಾಡಿಗೆ. ಅಲ್ಲಿ ಒಬ್ಬ ಕಾಲೇಜು ಹುಡುಗ ನನಗೆ ಹೇಳಿಕೊಟ್ಟ. ತುಂಬಾ ತಾಳ್ಮೆಯ ಹುಡುಗ.

ಕ್ರಿಕೆಟ್ ಆಡಿದವರಿಗೆ ಇಲ್ಲಿ ಏನು ಬದಲಾಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಕ್ರಿಕೆಟ್ ಬ್ಯಾಟಿನ ಅಗಲ ಹೆಚ್ಚೆಂದರೆ 108 ಮಿಲಿಮೀಟರ್, ಮುಖ ಚಪ್ಪಟೆ. ಬೇಸ್‌ಬಾಲ್ ಬ್ಯಾಟು ದುಂಡು, ತೀರ ದಪ್ಪ ಜಾಗದಲ್ಲೂ 66 ಮಿಲಿಮೀಟರ್ ಮಾತ್ರ. ಬ್ಯಾಟು ಚೆಂಡಿನ ನಡುವಿಗಿಂತ ಕೂದಲೆಳೆ ಮೇಲೆ ತಗುಲಿದರೆ ಚೆಂಡು ನೆಲಕ್ಕೆ, ಕೂದಲೆಳೆ ಕೆಳಗೆ ತಗುಲಿದರೆ ಆಕಾಶಕ್ಕೆ. ಕ್ರಿಕೆಟ್‌ನಲ್ಲಿ ಚೆಂಡು ಪುಟಿಯುವ ಜಾಗಕ್ಕೆ ಮುಂಗಾಲು ಹಾಕಿ ಹೋಗುತ್ತೇವೆ. ಇಲ್ಲಿ ಭಾರ ಹಿಂದೆ ಇಟ್ಟುಕೊಂಡು, ಸೊಂಟ ತಿರುಗಿಸಿ, ಬ್ಯಾಟನ್ನು ಅಡ್ಡಡ್ಡ ಬೀಸಬೇಕು. ಪಿಚ್ಚರ್ ನಿಲ್ಲುವ ದೂರ 60 ಅಡಿ 6 ಇಂಚು, ನಮ್ಮ 22 ಗಜಕ್ಕಿಂತ ಸುಮಾರು ಐದೂವರೆ ಅಡಿ ಕಡಿಮೆ. ಚೆಂಡು ಪುಟಿಯದೆ ನೇರವಾಗಿ ಬರುತ್ತದೆ. ಹಿಂದಕ್ಕೆ ಹೊಡೆದರೆ ಫೌಲ್. ನನ್ನ ಇಷ್ಟದ ಲೇಟ್ ಕಟ್‌ಗೆ ಇಲ್ಲಿ ಜಾಗವೇ ಇಲ್ಲ.

ಆದರೆ ಮ್ಯಾಟ್ ಮೇಲೆ ಹೊಸ ಚೆಂಡು ಎದುರಿಸಿದವರಿಗೆ ಒಂದು ದೊಡ್ಡ ಆಸ್ತಿ ಇದೆ. ಅದು ಚೆಂಡು ಬಿಡುವ ಕಣ್ಣು. ಬೇಸ್‌ಬಾಲ್‌ನಲ್ಲಿ ಹೊಡೆದವರು ಮೂರು ಬೇಸ್ ಸುತ್ತಿ, ಹೊಡೆದ ಜಾಗದಲ್ಲಿರುವ ಪ್ಲೇಟಿಗೇ ವಾಪಸ್ ಬಂದರೆ ಒಂದು ರನ್. ಆ 17 ಇಂಚು ಅಗಲದ ಪ್ಲೇಟಿನ ಮೇಲೆ, ಮಂಡಿಯಿಂದ ಎದೆಯವರೆಗಿನ ಜಾಗದ ಹೊರಗೆ ಬಂದ ಚೆಂಡನ್ನು ನಾವು ಬೀಸದೆ ಬಿಟ್ಟರೆ ಅದು 'ಬಾಲ್', ಇಂಥವು ನಾಲ್ಕಾದರೆ ಮೊದಲನೇ ಬೇಸ್ ಪುಕ್ಕಟೆ. ಒಳಗೆ ಬಂದದ್ದನ್ನು ಬಿಟ್ಟರೆ, ಇಲ್ಲವೇ ಬೀಸಿ ತಪ್ಪಿದರೆ 'ಸ್ಟ್ರೈಕ್', ಮೂರಾದರೆ ಔಟ್. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡುವುದನ್ನು ನಮಗೆ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ. ಪಂಜರದಲ್ಲಿ ಆ ಹುಡುಗ ಇದನ್ನು ಗಮನಿಸಿ, "ಇದನ್ನು ಮಾತ್ರ ಬಿಡಬೇಡಿ ಸರ್, ಇದು ಕಲಿಸಿ ಬರುವಂಥದ್ದಲ್ಲ" ಅಂದ.

ಏನೇನು ಕೊಳ್ಳಬೇಕು? ಗ್ಲೌಸ್ ಮೊದಲು. ಹೊಸ ಚರ್ಮ ಹಲಗೆಯ ಹಾಗೆ ಗಟ್ಟಿ ಇರುತ್ತದೆ. ಎಣ್ಣೆ ಸವರಿ, ಒಳಗೆ ಚೆಂಡಿಟ್ಟು, ಕಟ್ಟಿ ಇಟ್ಟು, ದಿನವೂ ಚೆಂಡು ಹಿಡಿದು ಮೆತ್ತಗೆ ಮಾಡಲು ವಾರಗಳೇ ಬೇಕು. ಮುಳ್ಳಿನ ಬೂಟು ಲೋಹದ್ದು ಬೇಡ, ರಬ್ಬರಿನದು ತಗೊಳ್ಳಿ, ಮಂಡಿಗೆ ಒಳ್ಳೆಯದು. ಬೂಟನ್ನು ಮನೆಯಲ್ಲೇ ಹಾಕಿ ಪಳಗಿಸಿಕೊಳ್ಳಿ. ಬ್ಯಾಟಿಂಗ್ ಗ್ಲೌಸ್ ಎರಡು ಜೊತೆ. ಗಾರ್ಡ್ ಮರೆಯಬೇಡಿ, ಕ್ರಿಕೆಟ್‌ನದೇ ನಡೆಯುತ್ತದೆ. ಮರದ ಬ್ಯಾಟು ಅಲ್ಲೇ ಕೊಡುತ್ತಾರಾ ಅಂತ ಕೇಳಿ ಆಮೇಲೆ ಕೊಳ್ಳಿ.

ಇದೆಲ್ಲಕ್ಕಿಂತ ಮುಖ್ಯ ಕಾಲು ಮತ್ತು ಭುಜ. ಬೇಸ್‌ನಿಂದ ಬೇಸ್‌ಗೆ 90 ಅಡಿ. ನಿಂತಲ್ಲಿಂದ ಒಂದೇ ಸಲ ಪೂರ್ತಿ ವೇಗಕ್ಕೆ ಹೋಗಬೇಕು. ನಿಧಾನವಾಗಿ ಜಾಗಿಂಗ್ ಮಾಡಿದವರಿಗೆ ಇದು ಒಗ್ಗುವುದಿಲ್ಲ. ಮೂರನೇ ಬೇಸ್‌ನಿಂದ ಮೊದಲನೇ ಬೇಸ್‌ಗೆ ಎಸೆಯಬೇಕಾದ ದೂರ 127 ಅಡಿಗೂ ಜಾಸ್ತಿ. ಎರಡು ಮೂರು ತಿಂಗಳು ಮೊದಲೇ ಸಣ್ಣ ಸಣ್ಣ ಓಟ, ತೊಡೆಯ ಹಿಂಭಾಗದ ವ್ಯಾಯಾಮ, ಹತ್ತಿರದಿಂದ ಶುರುಮಾಡಿ ದೂರ ಹೆಚ್ಚಿಸುತ್ತಾ ಚೆಂಡು ಎಸೆಯುವುದು, ಇವನ್ನು ಮಾಡಿ. ಬ್ಯಾಟಿಂಗ್‌ಗೆ ಕೊಡುವ ಸಮಯದಲ್ಲಿ ಅರ್ಧವನ್ನು ಇದಕ್ಕೆ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಲೇಕ್‌ಲ್ಯಾಂಡ್ ಇರುವುದು ಟ್ಯಾಂಪಾ ಮತ್ತು ಒರ್ಲ್ಯಾಂಡೊ ನಡುವೆ. ಯಾವ ವಿಮಾನ ನಿಲ್ದಾಣಕ್ಕೆ ಇಳಿದರೂ ನಡೆಯುತ್ತದೆ, ಟ್ಯಾಂಪಾ ಸ್ವಲ್ಪ ಹತ್ತಿರ. ನನ್ನ ದೊಡ್ಡ ಬ್ಯಾಗು ವಿಮಾನದಲ್ಲಿ ಬರಲಿಲ್ಲ. ಮರುದಿನ ರಾತ್ರಿ ಹೋಟೆಲಿಗೆ ತಂದುಕೊಟ್ಟರು. ಗ್ಲೌಸು, ಬೂಟು, ಮಾತ್ರೆ ಮೂರೂ ಕೈಚೀಲದಲ್ಲಿ ಇದ್ದದ್ದರಿಂದ ಮೊದಲ ದಿನದ ಆಟಕ್ಕೆ ತೊಂದರೆ ಆಗಲಿಲ್ಲ. ನೀವೂ ಹಾಗೇ ಮಾಡಿ.

ಟೈಗರ್ಸ್ 1934ರಿಂದ ಈ ಊರಿಗೆ ಬರುತ್ತಿದ್ದಾರೆ, ಯುದ್ಧದ ವರ್ಷಗಳನ್ನು ಬಿಟ್ಟು. ಅಭ್ಯಾಸದ ಮೈದಾನಗಳಿರುವ ಟೈಗರ್‌ಟೌನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಜಾಗ. ಪಕ್ಕದಲ್ಲೇ 1966ರಲ್ಲಿ ಕಟ್ಟಿದ ಜೋಕರ್ ಮರ್ಚೆಂಟ್ ಸ್ಟೇಡಿಯಂ. ಡೆಟ್ರಾಯಿಟ್‌ನ ಹಿಮದಿಂದ ಬಂದವನಿಗೆ ಆ ಹಸಿರು ಹುಲ್ಲು, ಕೆಂಪು ಮಣ್ಣು ನೋಡಿಯೇ ಮೈ ಹಗುರವಾಯಿತು.

ಮೊದಲ ಬೆಳಿಗ್ಗೆ ಕ್ಲಬ್‌ಹೌಸ್ ಬಾಗಿಲು ತೆಗೆದು ಒಳಗೆ ಬಿಟ್ಟರು. ಸಾಲಾಗಿ ಲಾಕರ್‌ಗಳು. ಪ್ರತಿ ಲಾಕರ್ ಮೇಲೆ ಹೆಸರು. ನನ್ನದರಲ್ಲಿ ಬಿಳಿ ಅಂಗಿ ತೂಗುತ್ತಿತ್ತು, ಎದೆಯ ಮೇಲೆ ಡಿ. ನಾನು ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಪಕ್ಕದ ಲಾಕರಿನಲ್ಲಿ ಫ್ಲಿಂಟ್ ಊರಿನ ನಿವೃತ್ತ ಕಾರ್ಖಾನೆ ಕೆಲಸಗಾರರು, ಎಪ್ಪತ್ತರ ಹತ್ತಿರದವರು. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕೋಣೆಯಲ್ಲಿ ಅತ್ತದ್ದು ಅವರೊಬ್ಬರೇ ಅಲ್ಲ, ನಾನೂ ಅತ್ತೆ. ಅಂಗಿ ಹಾಕಿಕೊಂಡು ಫೋಟೊ ತೆಗೆದು ಮೈಸೂರಿಗೆ ಕಳಿಸಿದೆ. ಅಲ್ಲಿ ಸಂಜೆ. ಅಮ್ಮ ಆ ಫೋಟೊವನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳಂತೆ.

ಅವತ್ತು ಎಲ್ಲರ ಆಟ ನೋಡುತ್ತಾರೆ. ಎಸೆತ, ಹಿಡಿತ, ಓಟ, ಬ್ಯಾಟಿಂಗ್. ಕೋಚ್‌ಗಳು ಕಾಗದ ಹಿಡಿದು ಏನೋ ಬರೆದುಕೊಳ್ಳುತ್ತಾ ನಿಂತಿರುತ್ತಾರೆ. ಆಮೇಲೆ ಅವರೇ ಕೂತು ತಂಡ ಹಂಚಿಕೊಳ್ಳುತ್ತಾರೆ. ಮೊದಲ ಸಲ ಬಂದವರು ಇಲ್ಲಿ ಪೂರ್ತಿ ಶಕ್ತಿ ಹಾಕಿ ಎಸೆದು ಭುಜ ಕೆಡಿಸಿಕೊಳ್ಳುವುದು ಜಾಸ್ತಿ. ನಮ್ಮ ಗುಂಪಿನಲ್ಲೇ ಇಬ್ಬರಿಗೆ ಹಾಗಾಯಿತು. ಈ ಪರೀಕ್ಷೆಯಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ. ನಿಧಾನವಾಗಿ ಎಸೆಯಿರಿ.

ಮರುದಿನದಿಂದ ಪಂದ್ಯಗಳು, ಹೆಚ್ಚಿನ ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಒಂಬತ್ತರ ಬದಲು ಏಳು ಇನಿಂಗ್ಸ್. ನಮ್ಮ ಕೋಚ್ ಒಬ್ಬ ಹಳೆಯ ಪಿಚ್ಚರ್. ಪಂದ್ಯದ ಮಧ್ಯೆ ಡಗೌಟ್‌ನಲ್ಲಿ, ಅಂದರೆ ಆಟಗಾರರು ಕೂರುವ ಜಾಗದಲ್ಲಿ, ಪಕ್ಕಕ್ಕೆ ಕೂತು, ಎದುರು ಪಿಚ್ಚರ್‌ನ ಬೆರಳು ಚೆಂಡಿನ ಹೊಲಿಗೆಯ ಮೇಲೆ ಹೇಗಿದೆ, ಭುಜ ಯಾವಾಗ ತೆರೆದುಕೊಳ್ಳುತ್ತದೆ ಅಂತ ತೋರಿಸುತ್ತಿದ್ದರು. ನಾನು ಕ್ರಿಕೆಟ್‌ನಲ್ಲಿ ಸೀಮ್ ಹಿಡಿಯುವ ರೀತಿ ತೋರಿಸಿದೆ. ಚೆಂಡನ್ನು ಗಾಳಿಯಲ್ಲಿ ಸ್ವಿಂಗ್ ಮಾಡಿಸುವುದು, ನೆಲಕ್ಕೆ ಬಡಿದು ಕಟ್ ಮಾಡಿಸುವುದು ಹೇಗೆ ಅಂತ ಅವರು ಮಗುವಿನ ಹಾಗೆ ಕೇಳಿದರು. ನನ್ನ ಮಟ್ಟಿಗೆ ಇಡೀ ವಾರದ ಅತ್ಯಂತ ಒಳ್ಳೆಯ ಹೊತ್ತು ಅದೇ. ಟೀವಿಯಲ್ಲಿ ನೋಡಿದ ಮನುಷ್ಯನ ಜೊತೆ ಒಂದೇ ಬೆಂಚಿನ ಮೇಲೆ ಕೂತು, ಇಬ್ಬರಿಗೂ ಇಷ್ಟವಾದ ಕೆಲಸದ ಬಗ್ಗೆ ಮಾತಾಡುವುದು. ಕ್ಯಾಂಪಿಗೆ ಹೋಗುವವರು ಆಟೋಗ್ರಾಫ್‌ಗೆ ಓಡುವ ಮೊದಲು ಡಗೌಟ್‌ನಲ್ಲಿ ಕೂತು ಪ್ರಶ್ನೆ ಕೇಳಿ.

ನನ್ನನ್ನು ಲೆಫ್ಟ್ ಫೀಲ್ಡ್‌ಗೆ, ಅಂದರೆ ದೂರದ ಎಡಭಾಗಕ್ಕೆ, ಹಾಕಿದರು, ಆಮೇಲೆ ಮೂರನೇ ಬೇಸ್‌ಗೂ. ಒಂದು ಸಲ ಮೇಲಕ್ಕೆ ಹೋದ ಚೆಂಡನ್ನು ಎರಡೂ ಕೈ ಸೇರಿಸಿ, ಕ್ರಿಕೆಟ್ ರೀತಿಯಲ್ಲೇ, ಹೊಟ್ಟೆಯ ಹತ್ತಿರ ಹಿಡಿದೆ. ಈ ಕ್ಯಾಂಪ್‌ಗಳಲ್ಲಿ ಕಾಂಗರೂ ಕೋರ್ಟ್ ಅಂತ ಒಂದು ಪದ್ಧತಿ ಇದೆ. ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಹಳೆಯ ಆಟಗಾರರು ನ್ಯಾಯಾಧೀಶರಾಗಿ ಹಿಂದಿನ ದಿನದ ಆಟಕ್ಕೆ ಸಣ್ಣ ದಂಡ ಹಾಕುತ್ತಾರೆ. ನನಗೆ ಆ ಕ್ಯಾಚ್‌ಗೆ ದಂಡ ಬಿತ್ತು. ತಕ್ಷಣ ನನ್ನ ಕೋಚ್ ಎದ್ದು ನಿಂತು, ಇವರ ದೇಶದಲ್ಲಿ ಗ್ಲೌಸೇ ಇಲ್ಲದೆ ಇದಕ್ಕಿಂತ ಭಾರದ ಚೆಂಡು ಹಿಡಿಯುತ್ತಾರೆ ಅಂತ ವಾದ ಮಾಡಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಅವರು ಹೇಳಿದ್ದು ನಿಜವೇ. ಬೇಸ್‌ಬಾಲ್ ಚೆಂಡು 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡು 156ರಿಂದ 163.

ಚಿಕಿತ್ಸೆಯ ಕೋಣೆ ಬಗ್ಗೆ ಹೇಳಲೇಬೇಕು. ವಾರದ ಮಧ್ಯ ಬರುವಷ್ಟರಲ್ಲಿ ಬೆಳಕು ಹರಿಯುವ ಮೊದಲೇ ಅಲ್ಲಿ ಸಾಲು. ತೊಡೆ ಹಿಡಿದವರು, ಮೀನಖಂಡ ಎಳೆದವರು, ಬೆರಳು ಊದಿದವರು. ಟ್ರೈನರ್‌ಗಳು ಒಬ್ಬೊಬ್ಬರಿಗೂ ಟೇಪು ಸುತ್ತಿ, ಐಸ್ ಕಟ್ಟಿ ಮೈದಾನಕ್ಕೆ ಕಳಿಸುತ್ತಾರೆ. ನನ್ನ ಕಾಲು ಪೂರ್ತಿ ವಾರ ತಡೆಯಿತು, ಭುಜ ತಡೆಯಲಿಲ್ಲ. ಮೂರನೇ ಬೇಸ್‌ನಿಂದ ಎಸೆದೂ ಎಸೆದೂ ತೋಳು ಎತ್ತಲಾಗದೆ ಹೋಯಿತು. ಅಂಥ ಹೊತ್ತಿನಲ್ಲಿ ಟ್ರೈನರ್ ಹತ್ತಿರ ಮುಚ್ಚಿಡಬೇಡಿ. ಹೇಳಿದರೆ ಬೇರೆ ಜಾಗಕ್ಕೆ ಹಾಕುತ್ತಾರೆ, ಆಟ ತಪ್ಪುವುದಿಲ್ಲ. ಬಿಪಿ ಮಾತ್ರೆ ತಗೊಳ್ಳುವವರು ನೋವಿನ ಮಾತ್ರೆ ನುಂಗುವ ಮೊದಲು ನಿಮ್ಮ ವೈದ್ಯರನ್ನು ಕೇಳಿಕೊಂಡು ಬನ್ನಿ. ಐಬುಪ್ರೊಫೆನ್ ಬಿಪಿ ಏರಿಸಬಲ್ಲದು. ನಾನು ಐಸ್ ಮೇಲೆಯೇ ವಾರ ಕಳೆದೆ.

ಊಟ ಸಸ್ಯಾಹಾರಿಗಳಿಗೆ ಕಷ್ಟ. ಮಧ್ಯಾಹ್ನ ಸ್ಯಾಂಡ್‌ವಿಚ್, ಹಾಟ್‌ಡಾಗ್ ಇಂಥವೇ ಜಾಸ್ತಿ. ಅರ್ಜಿಯಲ್ಲಿ ಬರೆದಿದ್ದಕ್ಕೆ ನನಗೆ ಬೇರೆ ಮಾಡಿಕೊಡುತ್ತಿದ್ದರು, ಆದರೆ ದಿನಕ್ಕೆ ಎರಡು ಪಂದ್ಯ ಆಡುವ ಹೊಟ್ಟೆಗೆ ಎಲೆ-ಸೊಪ್ಪು ಸಾಲದು. ಹೋಟೆಲಿನಲ್ಲಿ ಮೈಕ್ರೊವೇವ್ ಇರುವ ಕೋಣೆ ಕೇಳಿ ತಗೊಳ್ಳಿ. ಅವಲಕ್ಕಿ, ಚಟ್ನಿಪುಡಿ ಮನೆಯಿಂದ ಒಯ್ದಿದ್ದೆ. ಮೊಸರು, ಬಾಳೆಹಣ್ಣು, ಬಾದಾಮಿ ಅಲ್ಲೇ ಸೂಪರ್‌ಮಾರ್ಕೆಟ್‌ನಲ್ಲಿ. ನೀರಿನ ಜೊತೆ ಉಪ್ಪು-ಸಕ್ಕರೆ ಹಾಕಿದ ನಿಂಬೆ ಪಾನಕ ಮಾಡಿಕೊಂಡು ಹೋಗುತ್ತಿದ್ದೆ. ನಮ್ಮ ತಂಡದವರೆಲ್ಲ ಅದಕ್ಕೇ ಮುಗಿಬೀಳತೊಡಗಿದರು.

ಹಿಟ್ ಬಂತಾ ಅಂತ ಎಲ್ಲರೂ ಕೇಳುತ್ತಾರೆ. ಬಂತು. ಎರಡನೇ ಬೇಸ್‌ನವರ ತಲೆ ಮೇಲಿಂದ ಹೋದ ಒಂದು ಸಿಂಗಲ್ ಚೆನ್ನಾಗಿ ನೆನಪಿದೆ, ಬ್ಯಾಟಿಗೆ ಚೆಂಡು ತಗುಲಿದ್ದೇ ಕೈಗೆ ಗೊತ್ತಾಗಲಿಲ್ಲ. ಆದರೆ ನಾನು ಹೆಚ್ಚು ಹೇಳಿಕೊಳ್ಳುವುದು ಬೇರೆ ಒಂದನ್ನು. ಕೊನೆಯ ಇನಿಂಗ್ಸ್, ಸ್ಕೋರು ಸಮ, ಮೂರೂ ಬೇಸ್‌ನಲ್ಲಿ ನಮ್ಮವರು. ಮೂರು ಬಾಲ್, ಎರಡು ಸ್ಟ್ರೈಕ್ ಆಗಿದೆ. ಮುಂದಿನ ಚೆಂಡು ಹೊರಗಡೆ ಅಂಚಿಗೆ, ಹೊಡೆಯಬಹುದು ಅನ್ನಿಸುವಂತೆ ಬಂತು. ಬಿಟ್ಟೆ. ಅಂಪೈರ್ ಕೈ ಎತ್ತಲಿಲ್ಲ. ನಾಲ್ಕನೇ ಬಾಲ್! ನನಗೆ ಮೊದಲನೇ ಬೇಸ್, ಬೇಸ್‌ಗಳೆಲ್ಲ ತುಂಬಿದ್ದರಿಂದ ಉಳಿದವರೂ ಒಂದೊಂದು ಬೇಸ್ ಮುಂದಕ್ಕೆ. ಮೂರನೇ ಬೇಸ್‌ನಲ್ಲಿದ್ದ ಫ್ಲಿಂಟ್‌ನ ಹಿರಿಯರು ನಿಧಾನವಾಗಿ ನಡೆದುಬಂದು ಪ್ಲೇಟ್ ತುಳಿದರು. ಪಂದ್ಯ ನಮ್ಮದು. ಇಡೀ ತಂಡ ನನ್ನ ಮೇಲೆ ಬಿತ್ತು. ಬ್ಯಾಟು ಬೀಸದೆ ಗೆಲ್ಲಿಸಿದ್ದು ನನ್ನ ಮ್ಯಾಟಿಂಗ್ ವಿಕೆಟ್ ಕ್ರಿಕೆಟ್ಟು. ಹಾಗಂತ ಅವತ್ತು ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, "ಅದಕ್ಕೇ ನಿನ್ನನ್ನ ಮೈಸೂರಿಗೆ ಕರ್ಕೊಂಡು ಬಂದಿದ್ದು" ಅಂತ ನಕ್ಕರು.

ಕೊನೆಗೆ ಹಳೆಯ ಆಟಗಾರರ ವಿರುದ್ಧ ದೊಡ್ಡ ಸ್ಟೇಡಿಯಂನಲ್ಲೇ ಪಂದ್ಯ. ಮೈಕಿನಲ್ಲಿ ಹೆಸರು ಕರೆಯುತ್ತಾರೆ. ಹೆಂಡತಿ, ಮಗಳು ಅವತ್ತಿಗೆ ಅಂತಲೇ ಬಂದಿದ್ದರು. ಮನೆಯವರನ್ನು ಕರೆಸುವುದಾದರೆ ಆ ದಿನಕ್ಕೆ ಕರೆಸಿ. ಎರಡು ಫೌಲ್ ಆದ ಮೇಲೆ ನಾನು ಹೊಡೆದದ್ದು ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆಗೆ ನೇರವಾಗಿ ಜೋರಾಗಿ ಹೋಯಿತು. ಅರವತ್ತು ದಾಟಿದ ಆ ಮನುಷ್ಯ ಒಂದೇ ಹೆಜ್ಜೆ ಸರಿದು ಹಿಡಿದುಬಿಟ್ಟರು. ಚೆಂಡನ್ನು ವಾಪಸ್ ಎಸೆಯದೆ ನನ್ನ ಹತ್ತಿರ ನಡೆದುಬಂದು ಕೈಗೆ ಕೊಟ್ಟರು.

ಹೊರಡುವ ಮೊದಲು ಒಂದು ಕೆಲಸ ಮರೆಯಬೇಡಿ. ದಿನವೂ ರಾತ್ರಿ ನಮ್ಮ ಮಣ್ಣಿನ ಬಟ್ಟೆ ಒಗೆದು, ಬೆಳಿಗ್ಗೆಗೆ ಲಾಕರಿನಲ್ಲಿ ತೂಗುಹಾಕುವ ಕ್ಲಬ್‌ಹೌಸ್ ಕೆಲಸಗಾರರಿಗೆ, ಟ್ರೈನರ್‌ಗಳಿಗೆ ನಗದು ಕೊಡುವ ರೂಢಿ ಇದೆ. ಕವರ್‌ನಲ್ಲಿ ಹಾಕಿಟ್ಟುಕೊಂಡಿರಿ. ಟಿಕೆಟ್, ಬೂಟು-ಗ್ಲೌಸು, ಪಂಜರದ ಬಾಡಿಗೆ, ಟೆಸ್ಟ್, ಈ ನಗದು ಎಲ್ಲ ಸೇರಿ ಶುಲ್ಕದ ಮೇಲೆ ಇನ್ನೂ ಒಂದೂವರೆ-ಎರಡು ಸಾವಿರ ಡಾಲರ್ ಆಗುತ್ತದೆ ಅಂತ ಇಟ್ಟುಕೊಳ್ಳಿ. ವಾಪಸ್ ಬಂದ ಮರುದಿನವೇ ಆಫೀಸಿಗೆ ಹೋಗುವ ಯೋಚನೆ ಬೇಡ.

ಇಷ್ಟು ದುಡ್ಡು ಎಲ್ಲರಿಗೂ ಆಗುವುದಿಲ್ಲ, ನಿಜ. ಅಮೆರಿಕದಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಮೆನ್ಸ್ ಸೀನಿಯರ್ ಬೇಸ್‌ಬಾಲ್ ಲೀಗ್ ಎಷ್ಟೋ ಊರುಗಳಲ್ಲಿ ವಯಸ್ಸಿಗೆ ತಕ್ಕ ಗುಂಪು ಮಾಡಿ ಬೇಸಿಗೆಯೆಲ್ಲ ಪಂದ್ಯ ಆಡಿಸುತ್ತದೆ. ಖರ್ಚು ಇದರ ಒಂದು ಸಣ್ಣ ಭಾಗ. ಈ ವಸಂತಕ್ಕೆ ನಾನೂ ಅಲ್ಲಿ ಹೆಸರು ಕೊಟ್ಟಿದ್ದೇನೆ.

ಕನ್ನಡ ಕೂಟದ ಗೆಳೆಯರೊಬ್ಬರು ಬಾಸ್ಟನ್ ತಂಡದ ಅಭಿಮಾನಿ. ಮುಂದಿನ ವರ್ಷ ಅವರ ತಂಡದ ಕ್ಯಾಂಪಿಗೆ ಹೋಗಬೇಕು ಅಂತ ನಿನ್ನೆ ಫೋನ್ ಮಾಡಿದ್ದರು. ಯಾವ ಗ್ಲೌಸ್ ಕೊಳ್ಳಲಿ ಅಂತ ಕೇಳಿದರು. ಗ್ಲೌಸ್ ಇರಲಿ, ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ ಅಂದೆ. ಮುಂದಿನ ವಾರಕ್ಕೆ ದಿನ ಸಿಕ್ಕಿದೆಯಂತೆ.